ಉರ್ದು ಕಲಿಕೆ: ನಾಲ್ಕು ತಿಂಗಳು, ಒಂದು ಕಾಗದ

ಎಲ್ಲ ಶುರುವಾಗಿದ್ದು ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ. ಅದರಲ್ಲಿ ಮುತ್ತಜ್ಜನ ಕಾಲದ ಹನ್ನೊಂದು ಕಾಗದಗಳಿವೆ. ಬೀದರ್ 1948ರ ತನಕ ನಿಜಾಮರ ಕೈಯಲ್ಲಿತ್ತಲ್ಲ, ಹಾಗಾಗಿ ಎಲ್ಲವೂ ಉರ್ದು. ನನಗೆ ಗಂಜ್ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವಷ್ಟು ದಖನಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದು, ಚಿಕ್ಕಂದಿನಿಂದ ಬರುತ್ತದೆ. ಓದಲು ಮಾತ್ರ ಒಂದಕ್ಷರ ಬರುತ್ತಿರಲಿಲ್ಲ.

ಮೊದಲು ಮೊಬೈಲ್ ಆ್ಯಪ್ ಹಿಡಿದೆ. ಬಿಡಿ ಅಕ್ಷರಗಳೇನೋ ಬಂದವು, ಕೂಡಿಸಿ ಬರೆದ ತಕ್ಷಣ ಗುರುತೇ ಸಿಗದು. ಆಮೇಲೆ ಬೈಕ್ ಮೆಕ್ಯಾನಿಕ್ ತನ್ನ ಮಾವನನ್ನು ತೋರಿಸಿದ. ನಿವೃತ್ತ ಉರ್ದು ಶಿಕ್ಷಕರು, ಮನೆ ಊರ ನಡುವಿನ ಚೌಬಾರಾ ಗೋಪುರದ ಹತ್ತಿರ. ಓಣಿಯವರಿಗೆಲ್ಲ ಮಾಸ್ಟರ್ ಸಾಬ್. ಫೀಸು ಕೇಳಿದ್ದಕ್ಕೆ, "ರೊಕ್ಕ ಬ್ಯಾಡ್ರಿ. ಮೊಮ್ಮಗ ಹತ್ತನೇತ್ತಾ ಅದಾನ, ಅವನಿಗೆ ಕನ್ನಡ ಹೇಳಿಕೊಡ್ರಿ" ಅಂದರು.

ಮೊದಲ ತಿಂಗಳು ಪೂರ್ತಿ ಮೊದಲ ಅಕ್ಷರ ಅಲಿಫ್‌ನಲ್ಲೇ ಹೋಯಿತು ಅಂದರೂ ನಡೆಯುತ್ತದೆ. ಬಿದಿರಿನ ಕಲಮ್ಮಿನ ತುದಿಯನ್ನು ಓರೆಯಾಗಿ ಕೊಯ್ದು ಕೊಟ್ಟರು. ಅದೇ ಕಲಮ್ಮಿನಿಂದ ಒಂದರ ಮೇಲೊಂದು ಮೂರು ಚುಕ್ಕಿ ಇಟ್ಟರೆ ಎಷ್ಟೋ, ಅಲಿಫ್ ಅಷ್ಟೇ ಎತ್ತರ ಇರಬೇಕು. ನನ್ನದು ಒಮ್ಮೆ ನಾಲ್ಕು, ಒಮ್ಮೆ ಎರಡೂವರೆ. ಮೊಮ್ಮಗ ನೋಡಿ ನಗುತ್ತಿದ್ದ. ಅವನ ಒತ್ತಕ್ಷರ ನೋಡಿ ನಾನೂ ನಕ್ಕೆ, ಲೆಕ್ಕ ಸರಿಯಾಯಿತು.

ಎರಡನೇ ತಿಂಗಳು ಕಷ್ಟದ್ದು. ನಾವು ಜ ಅಂದುಬಿಡುವ ಸದ್ದಿಗೆ ಅಲ್ಲಿ ಜೀಮ್, ಜಾಲ್, ಜೇ, ಜ್ವಾದ್, ಜೋಯ್ ಅಂತ ಬೇರೆ ಬೇರೆ ಅಕ್ಷರ. ನಾವು ದಿನಾ ಹೇಳುವ ಜಿಲ್ಲೆಯನ್ನು ಜೀಮ್‌ನಿಂದ ಬರೆದೆ. ಮಾಸ್ಟರ್ ಸಾಬ್ ಹೊಡೆದು ಹಾಕಿ ಜ್ವಾದ್, ಲಾಮ್, ಐನ್ ಎಂದು ತಿದ್ದಿದರು. ತಾಲೂಕು, ರೈತ, ಜಮೀನು ಎಲ್ಲ ಆ ಕಡೆಯಿಂದ ಬಂದ ಮಾತುಗಳೇ, ಒಂದೊಂದಾಗಿ ಪರಿಚಯ ಹೇಳುತ್ತಾ ಬಂದವು. ಮಾತಿನ ನಡುವೆ ನಾನು ದಖನಿಯ 'ನಕ್ಕೊ' (ಬೇಡ) ಅಂದರೆ ಅವರಿಗೆ ಬೇಸರವಿಲ್ಲ. "ಬೋಲ್ನೇಕು ಚಲ್ತಾ, ಲಿಖ್ನೇಕು ನಕ್ಕೊ" ಅನ್ನುತ್ತಾರೆ, ಮಾತಿಗೆ ನಡೆಯುತ್ತದೆ, ಬರೆಯೋಕೆ ಬೇಡ ಅಂತ.

ಒಂದು ಭಾನುವಾರ ಜಂಬದಿಂದ ಮಹಮೂದ್ ಗವಾನ್ ಮದರಸಾ ಮುಂದೆ ಹೋಗಿ ನಿಂತೆ. 1472ರ ಕಟ್ಟಡ, ಗೋಡೆಯ ಹೆಂಚಿನ ಮೇಲೆ ಬರಹ. ಅಲಿಫ್, ಲಾಮ್ ಸಿಕ್ಕವು. ಅದು ಅರಬ್ಬಿ ಅನ್ನೋದು ಆಮೇಲೆ ನೆನಪಾಯಿತು!

ಮೂರನೇ ತಿಂಗಳಿಂದ ಪೆಟ್ಟಿಗೆಯ ಕಾಗದ. ಇದು ಕಚೇರಿಯವರ ಓಡುಗೈ ಬರಹ, ಶಿಕಸ್ತಾ. ಚುಕ್ಕಿ ಅರ್ಧಕ್ಕರ್ಧ ಇಲ್ಲ. ಅತಿ ದೊಡ್ಡ ಕಾಗದವನ್ನು ಮನೆಯಲ್ಲಿ ಎಲ್ಲರೂ ಹೊಲದ ಪತ್ರ ಅಂತಲೇ ನಂಬಿದ್ದೆವು. ಅದರಲ್ಲಿ ಒಂದು ಪದ: ಬೇ, ಯೇ, ಲಾಮ್. ನಾನು ತಟ್ಟನೆ "ಬೈಲು" ಎಂದು ಓದಿದೆ. ಬಯಲು, ಅಂದರೆ ಹೊಲ, ಸರಿ ಹೋಯಿತಲ್ವಾ?

ಮಾಸ್ಟರ್ ಸಾಬ್ ಕನ್ನಡಕ ಹಣೆಗೇರಿಸಿ ಕಾಗದವನ್ನು ಮೂಗಿನ ಹತ್ತಿರ ತಂದರು. ಆ ಮೂರಕ್ಷರವನ್ನು 'ಬೇಲ್' ಎಂದೂ ಓದಬಹುದು, ಅದು ಬಳ್ಳಿ. 'ಬೈಲ್' ಎಂದೂ ಓದಬಹುದು, ಅದು ಎತ್ತು. ಸ್ವರದ ಗುರುತುಗಳನ್ನು ಸಾಮಾನ್ಯವಾಗಿ ಬಿಟ್ಟೇ ಬರೆಯುವ ಲಿಪಿಯಲ್ಲಿ ಹಿಂದೆ ಮುಂದೆ ನೋಡಿಯೇ ಓದಬೇಕು. ಹಿಂದಿನ ಪದ ನೋಡಿದೆ: 'ದೋ'. ಎರಡು ಎತ್ತು. ನಮ್ಮ ಹೊಲದ ಪತ್ರ ಎತ್ತಿನ ಜೋಡಿಯ ರಸೀದಿ!

ತಾರೀಕು ಖುರ್ದಾದ್ ತಿಂಗಳು, 1352 ಫಸಲಿ, ಅಂದರೆ ನಿಜಾಮರ ಸರ್ಕಾರಿ ಪಂಚಾಂಗದ ವರ್ಷ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿಗೆ ಶುರು, ಖುರ್ದಾದ್ ಏಳನೇ ತಿಂಗಳು ಆಗುವುದರಿಂದ 591 ಕೂಡಿಸಿದೆ. 1943ರ ಏಪ್ರಿಲ್ ಸುಮಾರು. ಬೆಲೆ ಮಾತ್ರ ಇನ್ನೂ ಓದಿಲ್ಲ. ಅದು ರಕಮ್ ಅನ್ನುವ ಹಳೆಯ ಲೆಕ್ಕದ ಗುರುತುಗಳಲ್ಲಿದೆ, ನೋಡಿದರೆ ಇರುವೆ ಹರಿದಾಡಿದ ಹಾಗೆ.

ರಾತ್ರಿ ಅಪ್ಪನಿಗೆ ಹೇಳಿದೆ. ಹೊಲ ಹೋಯಿತಲ್ಲ ಅಂತ ಬೇಜಾರಾದಾರು ಅಂದುಕೊಂಡಿದ್ದೆ. ಅವರು ಊಟ ನಿಲ್ಲಿಸಿ ಕೇಳಿದ್ದು ಒಂದೇ: "ಎತ್ತಿನ ಬಣ್ಣ ಬರ್ದಾರೇನು ನೋಡು."

ಎರಡನೇ ಸಾಲಿನ ಕೊನೆಗೆ ಸೀನ್ ಅಕ್ಷರದ ತರಹದ್ದೊಂದು ಇದೆ. 'ಸಫೇದ್', ಅಂದರೆ ಬಿಳಿ, ಇರಬಹುದು. ಶನಿವಾರ ಕೇಳಬೇಕು.