ಹೇಳದೆ ಬಿಟ್ಟ ಅರ್ಧ ಮಾತು

ಕಳೆದ ಡಿಸೆಂಬರ್‌ನ ಒಂದು ಮೋಡ ಕವಿದ ಸಂಜೆ ರಂಗನತಿಟ್ಟಿನ ದೋಣಿಯಲ್ಲಿ ಕುಳಿತು, ಎರಡು ವರ್ಷ ಕೂಡಿಟ್ಟ ಹಣದಲ್ಲಿ ಕೊಂಡಿದ್ದ 150–600 ಮಿ.ಮೀ. ಲೆನ್ಸನ್ನು ಮೊದಲ ಬಾರಿಗೆ ಹೆಜ್ಜಾರ್ಲೆಗಳತ್ತ ತಿರುಗಿಸಿದೆ. ಬಂಡೆಯ ಮೇಲೆ ಅಲುಗಾಡದೆ ನಿಂತಿದ್ದ ಹಕ್ಕಿಗಳು ಚೆನ್ನಾಗಿಯೇ ಮೂಡಿದವು. ರೆಕ್ಕೆ ಬಿಚ್ಚಿ ಮೇಲೆದ್ದ ಒಂದೊಂದು ಹಕ್ಕಿಯೂ ಮಸುಕಾಗಿ ಹೋಯಿತು. ಲೆನ್ಸಿನಲ್ಲಿ ದೋಷವಿರಲಿಲ್ಲ. ಅದನ್ನು ಕೊಳ್ಳಲು ನಾನು ನೆಚ್ಚಿಕೊಂಡಿದ್ದ ವಿಡಿಯೊ ವಿಮರ್ಶೆ ಅರ್ಧ ಮಾತನ್ನಷ್ಟೇ ಹೇಳಿತ್ತು.

ಐದು ಸ್ಟಾಪ್ ಸ್ಟೆಬಿಲೈಸೇಶನ್ (ಕೈ ನಡುಗಿದರೂ ಚಿತ್ರ ಅಲುಗದಂತೆ ಕಾಯುವ ವ್ಯವಸ್ಥೆ) ಇರುವುದರಿಂದ ಕಡಿಮೆ ಬೆಳಕಿನ ಚಿಂತೆಯೇ ಬೇಡ ಎಂಬುದು ಆ ವಿಮರ್ಶಕರ ಮಾತು. 600 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯಲು ಸೆಕೆಂಡಿನ 1/600ರಷ್ಟು ಶಟರ್ ವೇಗ ಬೇಕೆಂಬುದು ಛಾಯಾಗ್ರಾಹಕರ ಹಳೆಯ ಲೆಕ್ಕ. ಒಂದೊಂದು ಸ್ಟಾಪಿಗೂ ಶಟರ್ ಎರಡು ಪಟ್ಟು ಹೊತ್ತು ತೆರೆದಿರಬಹುದು, ಐದು ಸ್ಟಾಪ್ ಎಂದರೆ 32 ಪಟ್ಟು. ಆ ಪ್ರಕಾರ ಸುಮಾರು 1/20ರಲ್ಲಿಯೂ ಸ್ಪಷ್ಟ ಚಿತ್ರ ದೊರೆಯಬೇಕು. ಆದರೆ ಈ ತಂತ್ರ ನಮ್ಮ ಕೈಯ ನಡುಕವನ್ನು ಸರಿಪಡಿಸುತ್ತದೆಯೇ ಹೊರತು ಹಕ್ಕಿಯ ರೆಕ್ಕೆಯ ಬಡಿತವನ್ನಲ್ಲ. ಹಾರುವ ಹಕ್ಕಿಗೆ 1/2000ರ ಆಸುಪಾಸು ಬೇಕು. ಜೊತೆಗೆ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ಬೆಳಕಿನ ಕಿಂಡಿ ಕಿರಿದು; ನನ್ನ ಲೆನ್ಸ್ 600ರಲ್ಲಿ ಎಫ್/6.3ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. ಎಫ್/4ರ ಲೆನ್ಸಿಗೆ ಹೋಲಿಸಿದರೆ ಅದು ಒಳಬಿಡುವ ಬೆಳಕು ಅರ್ಧಕ್ಕಿಂತಲೂ ಕಡಿಮೆ. ಉಳಿದದ್ದನ್ನು ಕ್ಯಾಮೆರಾದ ಬೆಳಕಿನ ಸಂವೇದನೆ, ಅಂದರೆ ಐಎಸ್‌ಒ ಏರಿಸಿ ತುಂಬಿಸಬೇಕು, ಆಗ ಚಿತ್ರದ ತುಂಬ ಕಾಳುಕಾಳಾಗಿ ನಾಯ್ಸ್ ಏಳುತ್ತದೆ. ಮನೆಗೆ ಬಂದು ಅದೇ ವಿಡಿಯೊವನ್ನು ಮತ್ತೆ ನೋಡಿದಾಗ, ಅದರಲ್ಲಿದ್ದ ಚಿತ್ರಗಳೆಲ್ಲವೂ ಸುಡುಬಿಸಿಲಿನಲ್ಲಿ ತೆಗೆದವು ಎಂಬುದು ಕಣ್ಣಿಗೆ ಬಿತ್ತು. ವಿವರಣೆಯ ಕೊನೆಯ ಸಾಲಿನಲ್ಲಿ, ಪುಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ, ಲೆನ್ಸನ್ನು ಕಂಪನಿಯೇ ಕೊಟ್ಟಿದ್ದೆಂಬ ಸೂಚನೆಯೂ ಇತ್ತು.

ನೇರ ಸುಳ್ಳು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತದೆ. 2012ರಲ್ಲಿ ನೋಕಿಯಾ ತನ್ನ ಲೂಮಿಯಾ 920 ಫೋನಿನ ಸ್ಥಿರ ವಿಡಿಯೊವನ್ನು ಹೊಗಳಿ ಮಾಡಿದ ಜಾಹೀರಾತಿನಲ್ಲಿ, ವಾಹನವೊಂದರ ಕಿಟಕಿಯ ಗಾಜಿನಲ್ಲಿ ದೊಡ್ಡ ಕ್ಯಾಮೆರಾ ಹಿಡಿದವರ ಪ್ರತಿಬಿಂಬ ಕಾಣಿಸಿಕೊಂಡು, ಕಂಪನಿ ಕ್ಷಮೆ ಕೇಳಬೇಕಾಯಿತು. 2016ರಲ್ಲಿ ಹುವಾವೆ ಪಿ9 ಫೋನಿನ ಪ್ರಚಾರಕ್ಕೆ ಹಾಕಿದ ಚಿತ್ರವು ಕ್ಯಾನನ್ 5ಡಿ ಮಾರ್ಕ್ 3ರಿಂದ ತೆಗೆದದ್ದೆಂದು ಚಿತ್ರದ ಕಡತದಲ್ಲಿ ಕ್ಯಾಮೆರಾ ತಾನಾಗಿಯೇ ಬರೆದಿಡುವ ಎಕ್ಸಿಫ್ ಮಾಹಿತಿಯೇ ತಿಳಿಸಿತು. ಹೇಳದೆ ಬಿಟ್ಟ ಮಾತಿಗೆ ಮಾತ್ರ ಎಕ್ಸಿಫ್ ಇರುವುದಿಲ್ಲ. ಆದ್ದರಿಂದಲೇ ಅದು ನನಗೆ ಹೆಚ್ಚು ಅಪಾಯಕಾರಿಯಾಗಿ ತೋರುತ್ತದೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹಣ ಮಾತ್ರವಲ್ಲ, ಉಚಿತವಾಗಿ ಬಂದ ವಸ್ತು, ರಿಯಾಯಿತಿ, ಪ್ರವಾಸದ ಖರ್ಚು ಇವೆಲ್ಲವನ್ನೂ ನೋಡುಗರಿಗೆ ತಿಳಿಸಲೇಬೇಕು. ವಿಡಿಯೊವಾದರೆ ಕೆಳಗಿನ ವಿವರಣೆಯಲ್ಲಷ್ಟೇ ಅಲ್ಲದೆ ವಿಡಿಯೊದ ಒಳಗೇ ತಿಳಿಸಬೇಕು. ಕನ್ನಡದಲ್ಲಿ ಮಾತನಾಡಿ ಕನ್ನಡಿಗರಿಗೆ ವಸ್ತು ಮಾರಿಸುವವರು ಈ ಒಂದು ಸಂಗತಿಯನ್ನು ಕನ್ನಡದಲ್ಲಿಯೇ, ಬಾಯಿಬಿಟ್ಟು ಹೇಳಲಿ ಎಂಬುದು ನನ್ನ ಆಗ್ರಹ. ಮಂಡ್ಯದ ಸಣ್ಣ ಸ್ಟುಡಿಯೊದವರು ಮದುವೆಯ ಸೀಸನ್ ನಂಬಿ ಸಾಲ ಮಾಡಿ ಕ್ಯಾಮೆರಾ ಕೊಳ್ಳುತ್ತಾರೆ. ಛತ್ರದ ಮಂದ ಬೆಳಕಿನಲ್ಲಿ ಅದು ಕೈಕೊಟ್ಟರೆ ಮುಹೂರ್ತವನ್ನು ಇನ್ನೊಮ್ಮೆ ನಡೆಸಲಾಗುವುದಿಲ್ಲ.

ಮೊನ್ನೆ ಪರಿಚಯದ ವ್ಯಾಪಾರಿಯೊಬ್ಬರು ವಿಮರ್ಶೆ ಬರೆಯಲೆಂದು ನನಗೇ ಒಂದು ಲೆನ್ಸನ್ನು ಕಳುಹಿಸಿ, ಬರೆದದ್ದನ್ನು ಪ್ರಕಟಿಸುವ ಮೊದಲು ತೋರಿಸಬೇಕೆಂದು ಕೇಳಿದರು. ಅವರು ಸಜ್ಜನರು, ಕೇಳಿದ್ದೂ ವಿನಯದಿಂದಲೇ. ಆದರೂ ಪೆಟ್ಟಿಗೆ ತೆರೆಯದೆ ಹಿಂದಿರುಗಿಸಿದೆ, ಏಕೆಂದರೆ ಆ ಷರತ್ತನ್ನು ಒಪ್ಪಿದ ಮೇಲೆ ಮೊದಲ ವಾಕ್ಯ ಬರೆಯುವಾಗಲೇ ನನ್ನ ಕೈ ಕಟ್ಟಿಹಾಕಿದಂತಾಗುತ್ತಿತ್ತು. ಈಗ ಅದೇ ಲೆನ್ಸನ್ನು ಮೈಸೂರಿನಲ್ಲಿ ಎರಡು ದಿನದ ಬಾಡಿಗೆಗೆ ಗೊತ್ತುಮಾಡಿದ್ದೇನೆ. ಬಾಡಿಗೆ ಎಷ್ಟಾಯಿತು, ಯಾವ ಗಂಟೆಯ ಬೆಳಕಿನಲ್ಲಿ ತೆಗೆದೆ, ಎಷ್ಟು ಚಿತ್ರ ಮಸುಕಾದವು ಎಂಬುದನ್ನು ಬರಹದ ತಲೆಯಲ್ಲೇ ಬರೆಯುತ್ತೇನೆ. ಪರೀಕ್ಷೆ ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳ ಕೆಳಗೆ, ಸಂಜೆ ಐದೂವರೆಯ ನಂತರ.