ಬೋರ್ಡಿನ ಎರಡನೇ ಪದ

ನಮ್ಮ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬ ಇದೆ. ಅದರಲ್ಲಿ 32 ಪ್ಲಾಸ್ಟಿಕ್ ಕವರ್, ಒಂದೊಂದರಲ್ಲೂ ಒಂದು ಹಿಡಿ ಕಲ್ಲಿನ ಪುಡಿ. ಮೊದಲ ಮೂರು ಕವರಿನಲ್ಲಿ ಕೆಮ್ಮಣ್ಣು. ಆಮೇಲಿನವೆಲ್ಲ ರಾಗಿ ಹಿಟ್ಟಿಗೆ ಉಪ್ಪು ಬೆರೆಸಿದ ಹಾಗೆ ಬೂದು. ಕೊನೆಯ ಎಂಟು ಮಾತ್ರ ಕಾಡಿಗೆ ಕಪ್ಪು. ನೆಂಟರು ಯಾರಾದರೂ ನೋಡಿ ಇದೇನು ಅಂತ ಕೇಳಿದರೆ, "ಅವರ ಮಸಾಲೆ ಡಬ್ಬ, ಒಂದು ಲಕ್ಷದ್ದು" ಅಂತ ನನ್ನ ಹೆಂಡತಿ ಹೇಳಿ ಮುಗಿಸಿಬಿಡುತ್ತಾಳೆ.

ಬಾಣಾವರದ ಹತ್ತಿರ ನಮ್ಮದು ಸ್ವಲ್ಪ ತೆಂಗಿನ ತೋಟ. ಆ ಪುಡಿ ಅಲ್ಲಿ ಕೊರೆಸಿದ ಮೂರನೇ ಬೋರಿನದು. ಮೊದಲೆರಡೂ ಫೇಲ್ ಆಗಿದ್ದವು, ಇದೂ ಆಯಿತು. ಅರಸೀಕೆರೆ, ಕಡೂರು ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ. ಮೊದಲ ಬೋರಿಗೆ ನೀರು ನೋಡೋರನ್ನು ಕರೆಸಿದ್ದೆವು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟ ಸುತ್ತಿದರು, ಒಂದು ಕಡೆ ಕಾಯಿ ಎದ್ದು ನಿಂತಿತು, ನಾವು ಅಲ್ಲೇ ಕಲ್ಲಿಟ್ಟು ಪೂಜೆ ಮಾಡಿದೆವು, ರಾತ್ರಿ ಹನ್ನೊಂದಕ್ಕೆ ಲಾರಿ ಬಂತು, ಬೆಳಗಾಗುವಷ್ಟರಲ್ಲಿ ಆರು ನೂರು ಅಡಿ ಒಣ ಧೂಳು. ಎರಡನೆಯದಕ್ಕೆ ಬೇರೆಯವರು, ಬೇರೆ ಕಾಯಿ. ಧೂಳು ಮಾತ್ರ ಅದೇ.

ಎರಡನೆಯದೂ ಕೈಕೊಟ್ಟ ಮೇಲೆ ಒಂದು ಬೆಳಿಗ್ಗೆ ಹಾಸನದ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಗೊಣಗುತ್ತಿದ್ದೆ. ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬರು ಗಣಿ ಇಲಾಖೆಯಿಂದ ರಿಟೈರ್ ಆದ ಜಿಯಾಲಜಿಸ್ಟ್ ಇದ್ದಾರೆ. ಮಿಕ್ಕವರೆಲ್ಲ ಎಷ್ಟು ಖರ್ಚಾಯ್ತು ಅಂತ ಕೇಳಿದರೆ ಅವರೊಬ್ಬರು, "ಪುಡಿ ಏನ್ ಮಾಡಿದ್ರಿ?" ಅಂದರು.

"ಯಾವ ಪುಡಿ ಸರ್?"

"ಬೋರಿಂದ ಬಂದಿದ್ದು ಕಣ್ರೀ. ಎಷ್ಟು ಅಡಿಗೆ ಯಾವ ಕಲ್ಲು ಬಂತು, ಏನಾದ್ರೂ ಬರೆದಿಟ್ಟಿದ್ದೀರಾ?"

ಮಳೆಗೆ ಹೋಯ್ತು ಅಂದೆ. ನನ್ನ ದುಡ್ಡು ಹೋಗಿದ್ದಕ್ಕಿಂತ ಆ ಪುಡಿ ಹೋಗಿದ್ದಕ್ಕೆ ಅವರಿಗೆ ಜಾಸ್ತಿ ಬೇಜಾರಾಯಿತು. ನನಗೆ ಒಳಗೊಳಗೇ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ.

ಆದರೂ ಮೂರನೇ ಸಲ ಕವರ್, ಮಾರ್ಕರ್ ಎರಡನ್ನೂ ತೆಗೆದುಕೊಂಡು ಹೋದೆ. ಒಂದೊಂದು ರಾಡು ಇಳಿದಾಗಲೂ, ಅಂದರೆ ಇಪ್ಪತ್ತು ಅಡಿಗೊಂದು ಸಲ, ಒಂದು ಹಿಡಿ ಪುಡಿ ಎತ್ತಿ ಕವರಿಗೆ ಹಾಕಿ ಅಡಿ ಬರೆಯೋದು. ಲಾರಿ ಹುಡುಗರಿಗೆ ನಗುವೋ ನಗು. 60 ಅಡಿವರೆಗೆ ಕೆಂಪು ಮಣ್ಣು ಮತ್ತು ಮೆದು ಕಲ್ಲು, ಅಷ್ಟಕ್ಕೆ ಕೇಸಿಂಗ್ ಪೈಪ್ ಇಳಿಸಿದರು. ಆಮೇಲೆ ಬಿಳಿ ಕಲ್ಲು. 480 ಅಡಿಗೆ ಶಬ್ದವೇ ಬದಲಾಯಿತು, ಪುಡಿ ಕಪ್ಪಾಯಿತು, ಆಪರೇಟರ್ ಲಿವರ್ ಮೇಲಿನ ಕೈ ತೆಗೆಯದೆಯೇ "ಕರಿ ಕಲ್ಲು ಸಾರ್, ಇನ್ನು ಸುಮ್ನೆ ದುಡ್ಡು" ಅಂದ. ನಾನು ಕೇಳಲಿಲ್ಲ. 640ಕ್ಕೆ ನಿಲ್ಲಿಸಿದೆವು.

ಮಾರನೇ ದಿನ ಸರ್ ಮನೆಯ ವರಾಂಡದಲ್ಲಿ 32 ಕವರನ್ನೂ ಸಾಲಾಗಿ ಜೋಡಿಸಿದರು. ಕಪ್ಪು ಪುಡಿಯನ್ನು ತಟ್ಟೆಗೆ ಸುರಿದು, ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಒಂದು ಮ್ಯಾಗ್ನೆಟ್ ಕಿತ್ತುಕೊಂಡು ಬಂದು ಅದರಲ್ಲಿ ಆಡಿಸಿದರು. ಮ್ಯಾಗ್ನೆಟ್ಟಿಗೆ ಸಣ್ಣ ಮೀಸೆ ಬಂದ ಹಾಗೆ ಕಪ್ಪು ಕಣ ಅಂಟಿಕೊಂಡವು. "ಇದರಲ್ಲಿ ಸ್ವಲ್ಪ ಡ್ರಿಲ್ ಬಿಟ್ ಸವೆದು ಬಂದ ಕಬ್ಬಿಣ. ಆದ್ರೆ ಪೂರ್ತಿ ಅದೇ ಅಲ್ಲ" ಅಂದರು. ಆಮೇಲೆ ಲೆನ್ಸ್ ಹಿಡಿದು ನೋಡಿ "ಡೈಕ್" ಅಂದರು.

ಡೈಕ್ ಅಂದರೆ ಹೀಗಂತೆ. ನಮ್ಮ ಕಡೆ ನೆಲದಡಿ ಇರುವುದು ಬಹುಪಾಲು ನೈಸ್ ಅನ್ನುವ ಹಳೇ ಬಿಳಿಬೂದು ಕಲ್ಲು. ಅದು ಯಾವತ್ತೋ ಬಿರುಕು ಬಿಟ್ಟಾಗ ಕೆಳಗಿನಿಂದ ಕರಗಿದ ಕಲ್ಲು ನುಗ್ಗಿ, ಬಿರುಕಿನಲ್ಲೇ ಆರಿ, ಕಪ್ಪು ಗೋಡೆಯ ಹಾಗೆ ನಿಂತುಬಿಟ್ಟಿದೆ. ಗೋಡೆ ಬಿಗಿಯಾಗಿದ್ದರೆ ನೀರು ಆ ಕಡೆಯೇ ಉಳಿಯುತ್ತೆ. ನಮ್ಮ ಗೋಡೆ ಸ್ವಲ್ಪ ವಾಲಿಕೊಂಡಿತ್ತು ಅಂತ ಕಾಣುತ್ತೆ, ನಮ್ಮ ಬೋರು ಅದರೊಳಗೇ ಇಳಿದಿದೆ. ಬೇಲಿಯಾಚೆ ಇನ್ನೂರು ಅಡಿ ದೂರದಲ್ಲಿ ಪಕ್ಕದ ತೋಟದವರಿಗೆ ಎರಡಿಂಚು ನೀರು ಯಾಕೆ ಬಂತು, ನಮಗೆ ಯಾಕಿಲ್ಲ ಅನ್ನುವುದಕ್ಕೆ ಅಲ್ಲಿಯವರೆಗೆ ನಮ್ಮಪ್ಪನ ಹತ್ತಿರ ಇದ್ದ ಕಾರಣ ಬೇರೆ, ಅದರಲ್ಲಿ ದೊಡ್ಡಪ್ಪನ ಶಾಪವೂ ಸೇರಿತ್ತು.

ಅವತ್ತು ಮಾತಿಗೆ ಮಾತು ಬಂದು, "ಸರ್, ನಿಮ್ಮ ಗಣಿ ಇಲಾಖೆ ಅಂದ್ರೆ ನಮಗೆ ಗೊತ್ತಿರೋದು ಮರಳು ಲಾರಿ ಹಿಡಿಯೋದು, ಕ್ರಷರಿಗೆ ಪರ್ಮಿಟ್ ಕೊಡೋದು ಅಷ್ಟೇ" ಅಂದೆ. ಅವರು ನಕ್ಕು, "ಬೋರ್ಡಲ್ಲಿ ಗಣಿ ಮತ್ತು ಭೂವಿಜ್ಞಾನ ಅಂತ ಎರಡಿದೆ. ನೀವು ಮೊದಲನೇದು ಓದಿ ಹೊರಟುಬಿಡ್ತೀರಿ" ಅಂದರು.

ಆ ಎರಡನೇ ಪದದ ಬೆನ್ನು ಹತ್ತಿದ್ದು ಆಮೇಲೆ. ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಶುರುವಾಗಿದ್ದು 1894ರಲ್ಲಿ. ಆಗ ಕೋಲಾರದ ಚಿನ್ನ ಜೋರಾಗಿ ಬರುತ್ತಿದ್ದ ಕಾಲ, ಇನ್ನೆಲ್ಲೆಲ್ಲಿ ಏನೇನಿದೆ ಅಂತ ಸಂಸ್ಥಾನಕ್ಕೆ ಆಸೆ ಇಲ್ಲದೇ ಇರುತ್ತಾ? ಇಲಾಖೆ ಕಟ್ಟಲು ಬಂದವರು ರಾಬರ್ಟ್ ಬ್ರೂಸ್ ಫುಟ್. ಕೇಂದ್ರದ ಜಿಎಸ್‌ಐ, ಅಂದರೆ 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಲ್ಲಿ ಪೂರ್ತಿ ನೌಕರಿ ಮುಗಿಸಿ ರಿಟೈರ್ ಆದ ಮನುಷ್ಯ. ಮೈಸೂರಿನ ಕೆಲಸ ಹಿಡಿದಾಗ ವಯಸ್ಸು ಅರವತ್ತು. ಆ ವಯಸ್ಸಿನಲ್ಲಿ ಸುತ್ತಿಗೆ ಹಿಡಿದು ಗುಡ್ಡ ಹತ್ತೋ ಕೆಲಸ ಅಲ್ವಾ, ನನಗೆ ಐವತ್ತಕ್ಕೇ ಪಾರ್ಕಿನ ಮೂರು ಸುತ್ತಿಗೆ ಮಂಡಿ ಹಿಡಿಯುತ್ತೆ.

ಕೆಲಸ ಅಂದರೆ ಮುಖ್ಯವಾಗಿ ನಡೆಯೋದು. ಸರ್ ಹೇಳುವ ಪ್ರಕಾರ ಮಳೆ ನಿಂತ ಮೇಲೆ ಕ್ಯಾಂಪ್ ಹೊರಟರೆ ಬೇಸಿಗೆವರೆಗೆ ಅದೇ. ಕೈಯಲ್ಲಿ ಸುತ್ತಿಗೆ, ಲೆನ್ಸ್, ದಿಕ್ಸೂಚಿ, ನಕ್ಷೆ, ಕಿಸೆಯಲ್ಲಿ ಒಂದು ಸಣ್ಣ ಬಾಟಲಿ ಆಸಿಡ್. ಸುಣ್ಣದ ಕಲ್ಲಿನ ಮೇಲೆ ಹನಿ ಬಿಟ್ಟರೆ ಬುಸ್ ಅಂತ ನೊರೆ ಬರುತ್ತೆ. ಹಳ್ಳದ ಗುಂಟವೇ ನಡೆಯೋದು ಜಾಸ್ತಿ, ಯಾಕೆಂದರೆ ಮಣ್ಣು ತೊಳೆದುಹೋಗಿ ಕಲ್ಲು ಮುಖ ತೋರಿಸೋದು ಅಲ್ಲೇ. ಕಲ್ಲು ಯಾವ ದಿಕ್ಕಿಗೆ ಹಾಸಿದೆ, ಎಷ್ಟು ವಾಲಿದೆ, ಎಲ್ಲಿ ಒಂದು ಕಲ್ಲು ಮುಗಿದು ಇನ್ನೊಂದು ಶುರುವಾಯಿತು, ಎಲ್ಲ ಅಲ್ಲೇ ನೋಟ್‌ಬುಕ್ಕಿಗೆ. ಹಾಗೆ ಬರೆದಿದ್ದು ನಕ್ಷೆಯಾಗುತ್ತೆ, ವರದಿಯಾಗುತ್ತೆ, ಅಲ್ಮೆರಾ ಸೇರುತ್ತೆ. ಅದನ್ನು ತೆಗೆದು ನೋಡುವವರು ಯಾವಾಗ ಬರುತ್ತಾರೆ ಅಂತ ಬರೆದವರಿಗೆ ಗೊತ್ತಿರಲ್ಲ.

ಕುದುರೆಮುಖದ ಕಥೆ ಇದಕ್ಕೆ ಸರಿಯಾಗಿ ಕೂರುತ್ತೆ. ಇದೇ ಮೈಸೂರು ಇಲಾಖೆಯ ಸಂಪತ್ ಅಯ್ಯಂಗಾರ್ 1913ರಲ್ಲಿ ಆ ಕಾಡಿನಲ್ಲಿ ಓಡಾಡಿ ಕಬ್ಬಿಣದ ಅದಿರು ಇದೆ ಅಂತ ದಾಖಲಿಸಿದರು. ಆಗಿನ ಚಿಕ್ಕಮಗಳೂರು ಘಟ್ಟ ಅಂದರೆ ಜಿಗಣೆ, ಮಲೇರಿಯಾ, ದಾರಿಯಿಲ್ಲದ ಶೋಲಾ ಕಾಡು. ಅದಿರು ತೆಗೆಯಲು ಕುದುರೆಮುಖ ಕಂಪನಿ ಹುಟ್ಟಿದ್ದು 1976ರಲ್ಲಿ, 63 ವರ್ಷ ಆದ ಮೇಲೆ! ದುಡ್ಡು ಹಾಕಲು ಒಪ್ಪಿದ್ದು ಇರಾನ್, ಅಲ್ಲಿ ಕ್ರಾಂತಿಯಾಗಿ ಅದು ಕೈಬಿಟ್ಟಿತು, ಆದರೂ ಗಣಿ ನಡೆಯಿತು, ಕೊನೆಗೆ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ 2005ರ ಕೊನೆಗೆ ನಿಂತಿತು. ಅಗೆದಿದ್ದು ಸರಿಯೋ, ನಿಲ್ಲಿಸಿದ್ದು ಸರಿಯೋ ಅನ್ನುವ ಜಗಳ ಮೂಡಿಗೆರೆ ಕಡೆಯ ಕಾಫಿ ಅಂಗಡಿಗಳಲ್ಲಿ ಇನ್ನೂ ಮುಗಿದಿಲ್ಲ, ನಾನು ನಿಲ್ಲಿಸಿದ್ದೇ ಸರಿ ಅನ್ನುವ ಪಾರ್ಟಿ. ಆದರೆ ಅಯ್ಯಂಗಾರರ ಕೆಲಸ ಈ ಜಗಳದಾಚೆಗಿನದು. ಇಲ್ಲಿ ಇಂಥದ್ದು ಇದೆ ಅಂತ ಹೇಳಿದರು, ಅಗೆಯಿರಿ ಅಂತಲೂ ಅಲ್ಲ, ಬಿಡಿ ಅಂತಲೂ ಅಲ್ಲ. ಉಳಿಸಿಕೊಳ್ಳೋಣ ಅನ್ನೋದಕ್ಕೂ ಏನಿದೆ ಅನ್ನೋ ಲೆಕ್ಕ ಬೇಕಲ್ಲ.

ಎಲ್ಲವೂ ಇಲಾಖೆಯಿಂದಲೇ ಗೊತ್ತಾಯಿತು ಅಂತಲ್ಲ. ಕೆಮ್ಮಣ್ಣುಗುಂಡಿ ಅಂತ ಹೆಸರಿಟ್ಟವನು ಯಾವ ಕಾಲೇಜಿಗೆ ಹೋಗಿದ್ದ? ಅಲ್ಲಿನ ಅದಿರು ಮುಂದೆ ಭದ್ರಾವತಿ ಕಾರ್ಖಾನೆಗೆ ಇಳಿಯಿತು. ಬೇಲೂರು, ಹಳೇಬೀಡಿನ ಶಿಲ್ಪಿಗಳೂ ಅಷ್ಟೇ. ಬಳಪದ ಕಲ್ಲು ಅಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತೆ ಅಂತ ಅವರಿಗೆ ಬೇಲೂರು ಗುಡಿಯ ಕಾಲವಾದ 1117ಕ್ಕೂ ಮೊದಲೇ ಗೊತ್ತಿತ್ತು, ಇಲ್ಲದಿದ್ದರೆ ಮದನಿಕೆಯ ಕೈಬಳೆ ಅಲ್ಲಾಡುವ ಹಾಗೆ ಕೆತ್ತೋಕಾಗುತ್ತಾ? ಗೊತ್ತಿದ್ದಿದ್ದು ಕೈಯಿಂದ ಕೈಗೆ ಹೋಯಿತು, ಎಲ್ಲೋ ಒಂದು ಕಡೆ ನಿಂತೂ ಹೋಯಿತು. ಬರೆದಿಡುವ ಇಲಾಖೆ ಬೇಕಾಗೋದು ಅದಕ್ಕೇ.

ಗೊರೂರಿಗೆ ನಾವೆಲ್ಲ ಡ್ಯಾಮ್ ನೋಡೋಕೆ, ಮೀನು ತಿನ್ನೋಕೆ ಹೋಗುತ್ತೇವೆ. ಆ ಸುತ್ತಿನ ನೈಸ್ ಕಲ್ಲಿಗೆ ಸುಮಾರು 330 ಕೋಟಿ ವರ್ಷ. ಭೂಮಿಗೇ 450 ಕೋಟಿ ಚಿಲ್ಲರೆ, ಲೆಕ್ಕ ಹಾಕಿಕೊಳ್ಳಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಲ್ಲಿನ ಸಾಲಿನಲ್ಲಿ ಕ್ರೋಮೈಟ್ ಅನ್ನುವ ಕ್ರೋಮಿಯಂ ಅದಿರು ಇದೆ, ಬೈರಾಪುರದಲ್ಲಿ ಗಣಿಯೂ ಆಯಿತು. ಹಾಸನದಲ್ಲೇ ಹುಟ್ಟಿ ಬೆಳೆದ ನನಗೆ ಇದ್ಯಾವುದನ್ನೂ ಶಾಲೆಯಲ್ಲಿ ಯಾರೂ ಹೇಳಲಿಲ್ಲ, ಗ್ರಾಂಡ್ ಕ್ಯಾನಿಯನ್ ಬಗ್ಗೆ ಮಾತ್ರ ಅರ್ಧ ಪುಟ ಬರೆಸಿದ್ದರು.

ಇನ್ನು ಘಾಟಿ. 2018ರ ಆಗಸ್ಟಿನಲ್ಲಿ ಶಿರಾಡಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ. ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ಟಿವಿಯವರು ಮಳೆಯನ್ನು ಬೈದರು. ಮಳೆ ಪ್ರತಿ ವರ್ಷ ಬರುತ್ತೆ. ಕಲ್ಲು ಎಷ್ಟು ಆಳಕ್ಕೆ ಕೊಳೆತು ಮಣ್ಣಾಗಿದೆ, ಬಿರುಕು ರಸ್ತೆ ಕಡೆಗೇ ವಾಲಿದೆಯಾ, ಬುಡವನ್ನು ನೆಟ್ಟಗೆ ಕಡಿದರೆ ನಿಲ್ಲುತ್ತಾ, ನೀರು ಹೋಗಲು ಚರಂಡಿ ಇದೆಯಾ ಅಂತ ಮೊದಲೇ ನೋಡುವುದು ಭೂವಿಜ್ಞಾನದ ಕೆಲಸ. ಎಲ್ಲೆಲ್ಲಿ ಜಾರಬಹುದು ಅಂತ ದೇಶದ ಗುಡ್ಡಗಾಡಿಗೆಲ್ಲ ಜಿಎಸ್‌ಐ 2014ರಿಂದ ನಕ್ಷೆ ಮಾಡಿದೆ. ಜೆಸಿಬಿ ಓಡಿಸುವವನ ಕೈಗೆ ಅದು ಬಂದಿದೆಯಾ ಅನ್ನುವುದು ಬೇರೆ ಮಾತು.

ನನ್ನ ತಕರಾರು ಇಷ್ಟೇ. ಒಂದೇ ಇಲಾಖೆ ಲೈಸೆನ್ಸನ್ನೂ ಕೊಡಬೇಕು, ರಾಯಲ್ಟಿಯನ್ನೂ ವಸೂಲಿ ಮಾಡಬೇಕು, ನೆಲವನ್ನೂ ಓದಬೇಕು ಅಂದರೆ ಓದುವ ಕೆಲಸವೇ ಹಿಂದೆ ಬೀಳುತ್ತೆ. ರಾಯಲ್ಟಿಗೆ ಟಾರ್ಗೆಟ್ ಇಡಬಹುದು, ತಿಂಗಳ ಕೊನೆಗೆ ಕೂಡಿ ಹೇಳಬಹುದು. ಹಳ್ಳದ ಗುಂಟ ನಡೆದು ನಾಲ್ಕು ಸಾಲು ಬರೆದವರ ಕೆಲಸವನ್ನು ಯಾವ ಕಾಲಮ್ಮಿಗೆ ತುಂಬುತ್ತೀರಿ? ಅಂತರ್ಜಲಕ್ಕೆ ಈಗ ಬೇರೆ ನಿರ್ದೇಶನಾಲಯ ಇದೆ, ಒಳ್ಳೆಯದೇ. ಆದರೆ ನೀರು ಇರೋದು ಕಲ್ಲಿನ ಬಿರುಕಿನಲ್ಲಿ. ಎರಡು ಆಫೀಸಿನ ಫೈಲು ಒಂದೇ ಮೇಜಿಗೆ ಬಂದರೆ ಚೆನ್ನ.

ಗುರಿ ಬರೆಯೋಕೆ ನನಗೆ ಕೊಟ್ಟರೆ ಒಂದನ್ನೇ ಬರೆಯುತ್ತೇನೆ: ಜಿಲ್ಲೆಯಲ್ಲಿ ಕೊರೆದ ಪ್ರತಿ ಬೋರಿನ ಲೆಕ್ಕ ಇಡಿ. ಎಷ್ಟು ಅಡಿಗೆ ಯಾವ ಕಲ್ಲು, ಎಲ್ಲಿ ನೀರು ಸಿಕ್ಕಿತು, ಎಲ್ಲಿ ಇಲ್ಲ. ಒಂದು ಸಣ್ಣ ಹೋಬಳಿಯಲ್ಲೇ ರೈತರು ತಮ್ಮ ದುಡ್ಡಿನಲ್ಲಿ ನೆಲಕ್ಕೆ ಅಷ್ಟೊಂದು ತೂತು ಕೊರೆಸಿದ್ದಾರೆ. ಸರ್ಕಾರ ಎಷ್ಟು ಖರ್ಚು ಮಾಡಿದರೂ ಅಷ್ಟು ಕೊರೆಸೋಕಾಗಲ್ಲ. ಎಲ್ಲ ಪುಡಿ ಮಳೆಗೆ ಹೋಗಿದೆ. ಫೇಲ್ ಆದ ಬೋರಂತೂ ಯಾರಿಗೂ ಬೇಡದ ಮಗು, ಆದರೆ ಸರ್ ಪ್ರಕಾರ ಅದೇ ಜಾಸ್ತಿ ಮಾತಾಡುತ್ತೆ.

ಜಿಎಸ್‌ಐಯವರ ಭೂಕೋಶ್ ಜಾಲತಾಣದಲ್ಲಿ ನಕ್ಷೆಗಳು ಪುಕ್ಕಟೆ ಸಿಗುತ್ತವೆ. ಸರ್ ಮಗಳು ಲ್ಯಾಪ್‌ಟಾಪಿನಲ್ಲಿ ತೆಗೆದು ತೋರಿಸಿದಳು. ನಮ್ಮೂರ ಪಕ್ಕದಲ್ಲೇ ಕೂದಲೆಳೆಯಂಥ ಒಂದು ಗೆರೆ, ಡೈಕ್! ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೂರು ಬೋರಿಗೂ ಮೊದಲೇ ಅದು ಅಲ್ಲೇ ಇತ್ತು. ಸರ್ ಮಾತ್ರ ಸಮಾಧಾನ ಹೇಳಿದರು. ಆ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ 50 ಮೀಟರ್, ನಮ್ಮ ತೋಟ ಮತ್ತು ಪಕ್ಕದವರ ಬೋರು ಎರಡೂ ಪೆನ್ನಿನ ಒಂದೇ ಚುಕ್ಕೆಯಡಿ ಮುಚ್ಚಿಹೋಗುತ್ತವೆ. ನಕ್ಷೆ ಪಾಯಿಂಟ್ ಹಾಕಿ ಕೊಡಲ್ಲ, ಎಲ್ಲಿ ಹುಷಾರಾಗಿರಬೇಕು ಅಂತ ಹೇಳುತ್ತೆ ಅಷ್ಟೇ. ಮಿಕ್ಕಿದ್ದಕ್ಕೆ ನೆಲಕ್ಕೆ ಕಬ್ಬಿಣದ ಗೂಟ ಹೊಡೆದು, ಕರೆಂಟು ಹಾಯಿಸಿ, ಎಷ್ಟು ತಡೆಯುತ್ತೆ ಅಂತ ಅಳೆದು ನೋಡಬೇಕು. ಅದಕ್ಕೂ ಕೆಲವೊಮ್ಮೆ ತಪ್ಪುತ್ತೆ. ತೆಂಗಿನಕಾಯಿಗಿಂತ ಕಡಿಮೆ ತಪ್ಪುತ್ತೆ ಅಂತ ನನ್ನ ನಂಬಿಕೆ, ಅಪ್ಪ ಇನ್ನೂ ಒಪ್ಪಿಲ್ಲ.

ಮೊನ್ನೆ ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಗುರುವಾರ ರಾತ್ರಿ ಅವನ ತೋಟಕ್ಕೆ ಲಾರಿ ಬರುತ್ತಂತೆ. "ಅಣ್ಣ, ಅದೇನೋ ಪುಡಿ ಕಟ್ಟಿಟ್ಟಿದ್ಯಲ್ಲ, ನಾನೂ ಇಡ್ಬೇಕಾ?" ಅಂದ. ಇಡು, ಫೇಲ್ ಆದ್ರೆ ಇನ್ನೂ ಜೋಪಾನವಾಗಿ ಇಡು ಅಂದೆ. ಹಾಳು ಬಾಯಿ, ಕೊರೆಯೋಕೆ ಮೊದಲೇ ಫೇಲ್ ಅಂತೀಯಲ್ಲ ಅಂತ ಬೈದ. ಆಮೇಲೆ ಅವನೇ ಕೇಳಿದ, ಎಷ್ಟು ಕವರ್ ಬೇಕಾಗುತ್ತೆ ಅಂತ. ನಲವತ್ತು ತಗೋ, ಮಾರ್ಕರ್ ಎರಡು ತಗೋ, ಕೆಸರು ಮೆತ್ತಿಕೊಂಡರೆ ಒಂದು ಬರೆಯಲ್ಲ ಅಂದೆ.