ಅಮ್ಮನ ರಸ್ಕು

ನಮ್ಮ ಕೆಂಚನಿಗೆ ಕೆರೆತ ಶುರುವಾದಾಗ ಮೊದಲು ಬೈದಿದ್ದು ಉಣುಗಿಗೆ. ಸಕಲೇಶಪುರದ ಕಡೆ ಕಾಫಿ ತೋಟ ಸುತ್ತೋ ನಾಯಿಗೆ ಇನ್ನೇನಿರುತ್ತೆ, ಅಲ್ವಾ? ಔಷಧಿ ಹಾಕಿಸಿದೆ. ಉಣುಗು ಹೋಯಿತು, ಕೆರೆತ ಹೋಗಲಿಲ್ಲ. ಆಮೇಲೆ ಮಳೆಗೆ ಬೈದೆ. ಮಳೆಗಾಲ ಕಳೆದು, ಕಾಫಿ ಕೊಯ್ಲು ಮುಗಿದು, ಹೂಮಳೆ ಬಂದರೂ ಅವನು ರಾತ್ರಿಯೆಲ್ಲಾ ಪಾದ ನೆಕ್ಕುತ್ತಾ ಕೂತಿರುತ್ತಿದ್ದ, ಬೆರಳ ಸಂದಿಯೆಲ್ಲಾ ಕೆಂಪು. ಎಡಗಿವಿ ಬೇರೆ ಸೋರಿ ವಾಸನೆ ಬರುತ್ತಿತ್ತು. ಡ್ರಾಪ್ಸ್ ಹಾಕಿದರೆ ವಾಸಿ, ನಿಲ್ಲಿಸಿದರೆ ಮತ್ತೆ ಶುರು.

ಹಾಸನದಲ್ಲಿ ತೋರಿಸಿದಾಗ ಡಾಕ್ಟರು ಮೊದಲು ಕೇಳಿದ್ದು, ಎಲ್ಲೆಲ್ಲಿ ಕೆರೆದುಕೊಳ್ಳುತ್ತಾನೆ ಅಂತ. ಬಾಲದ ಬುಡ, ಸೊಂಟ ಆದರೆ ಮೊದಲು ಚಿಗಟದ ಅನುಮಾನ. ಪಾದ, ಕಿವಿ, ಅದೂ ವರ್ಷಪೂರ್ತಿ ಅಂದರೆ ಊಟದ ಮೇಲೂ ಕಣ್ಣಿಡಬೇಕಂತೆ.

"ನಾಲ್ಕು ವರ್ಷದಿಂದ ಅದೇ ಊಟ ಸಾರ್" ಅಂದೆ.

"ಅಲರ್ಜಿ ಆಗೋದು ಹಳೇ ಊಟಕ್ಕೇ ಜಾಸ್ತಿ" ಅಂದರು.

ಇದಕ್ಕೆ ರಕ್ತ ಪರೀಕ್ಷೆ ನಂಬೋ ಹಾಗಿಲ್ಲವಂತೆ. ಎಂಟು ವಾರ ಅವನು ಯಾವತ್ತೂ ತಿನ್ನದೇ ಇರೋದನ್ನು ಮಾತ್ರ ಕೊಡಬೇಕು. ಮಾಂಸದ ರುಚಿ ಸೇರಿಸಿದ ಜಂತುಹುಳದ ಮಾತ್ರೆಯೂ ಬೇಡ. ನಮ್ಮನೇಲಿ ಹಂದಿ ಮಾಡಲ್ಲ, ಹಾಗಾಗಿ ಹಂದಿಮಾಂಸ, ಗೆಣಸು ಅಂತ ಆಯಿತು. ಅವನಿಗೋ ದಿನಾ ಹಬ್ಬ.

ಐದು ವಾರ ಕಳೆದರೂ ಕೆರೆತ ಅಷ್ಟೇ. ಈ ಸಲ ಡಾಕ್ಟರಿಗೆ ಬೈಯುತ್ತಿದ್ದೆ. ಒಂದು ಭಾನುವಾರ ಬೇಗ ಎದ್ದು ಜಗಲಿಗೆ ಬಂದರೆ ಅಮ್ಮ ರಸ್ಕನ್ನು ಹಾಲಿಗೆ ಅದ್ದಿ ಅದ್ದಿ ತಿನ್ನುತ್ತಿದ್ದಾಳೆ, ಎದುರಿಗೆ ಕೆಂಚ, ಅವನ ಬಾಯಲ್ಲೂ ರಸ್ಕು.

"ಒಂದೇ ಒಂದು ಕಣೋ, ಪಾಪ, ಬಾಯಿ ನೋಡ್ತಾ ಕೂತಿರುತ್ತೆ."

ದಿನಾ ಒಂದೇ ಒಂದು! ಗೋಧಿನೂ ಆಯಿತು, ಹಾಲೂ ಆಯಿತು. ವಾರದ ಲೆಕ್ಕ ಮತ್ತೆ ಒಂದರಿಂದ.

ರಸ್ಕಿನ ಡಬ್ಬ ಅಟ್ಟಕ್ಕೆ ಹೋಯಿತು. ಆರನೇ ವಾರದ ಹೊತ್ತಿಗೆ ರಾತ್ರಿ ನೆಕ್ಕುವ ಸದ್ದು ನಿಂತಿತು. ಎಂಟು ವಾರ ತುಂಬಿದ ಮೇಲೆ ಹಳೇದನ್ನೆಲ್ಲಾ ಒಂದೊಂದಾಗಿ, ಒಂದೊಂದಕ್ಕೆ ಎರಡೆರಡು ವಾರ ಬಿಟ್ಟು, ವಾಪಸ್ ಕೊಟ್ಟು ನೋಡಿದೆ. ಊರವರೆಲ್ಲಾ ಉಷ್ಣ ಅಂತ ಬೈದಿದ್ದು ಕೋಳಿಗೆ, ಅದು ಏನೂ ಮಾಡಿರಲಿಲ್ಲ. ಗೋಧಿಯೂ ಇಲ್ಲ. ಹಾಲು ಕೊಟ್ಟ ಮೂರನೇ ದಿನ ಬೆಳಗ್ಗೆ ನೋಡಿದರೆ ಮುಂಗಾಲು ಬಾಯೊಳಗೆ!

ಅಮ್ಮ ಈಗ ಬಾಗಿಲು ಹಾಕಿಕೊಂಡು ರಸ್ಕು ತಿನ್ನುತ್ತಾಳೆ. ಕೆಂಚ ಆಚೆ ಬಾಗಿಲ ಸಂದಿಗೆ ಮೂಗಿಟ್ಟುಕೊಂಡು ಕೂತಿರುತ್ತಾನೆ.